ಚಂಡಮಾರುತಕ್ಕೆ ಬಾಂಬು ಹಾಕಿದರೆ ನಿಂತೀತೇ?

ಇತ್ತೀಚೆಗೆ ನಮ್ಮ ಉಪನಗರದ ಸಂಘದ ಮಾಸಿಕ ಸಭೆ ಮುಗಿದು ಎಲ್ಲರೂ ಚಹಾ ಕುಡಿಯುತ್ತಿದ್ದಾಗ ಮಾತು ಮಳೆಗಾಲದ ಕಡೆಗೆ ಹೊರಳಿತು. 2021ರ ತೌಕ್ತೆ ಚಂಡಮಾರುತದಲ್ಲಿ ತಮ್ಮ ಚಾಳಿನ ಮಾಡಿನ ತಗಡು ಹಾರಿಹೋದದ್ದನ್ನು ನೆನಪಿಸಿಕೊಂಡ ಹಿರಿಯ ಸದಸ್ಯರೊಬ್ಬರು, "ಚಂದ್ರನ ಮೇಲೆ ಯಂತ್ರ ಇಳಿಸಿದ ದೇಶಕ್ಕೆ ಸಮುದ್ರದಲ್ಲೇ ಒಂದು ಬಾಂಬು ಹಾಕಿ ಈ ಗಾಳಿಯನ್ನು ನಿಲ್ಲಿಸಲು ಆಗುವುದಿಲ್ಲವೇ ಮಾರಾಯ್ರೇ?" ಎಂದು ಕೇಳಿದರು. ನಾಲ್ಕೈದು ಮಂದಿ ಹೌದೌದೆಂದು ತಲೆಯಾಡಿಸಿದರು.

ಇದು ನಕ್ಕು ಬಿಡುವ ಪ್ರಶ್ನೆಯಲ್ಲ. ಅಮೆರಿಕದಲ್ಲಿ ಜನ ಇದನ್ನು ಎಷ್ಟು ಸಲ ಕೇಳಿದ್ದಾರೆಂದರೆ, ಅಲ್ಲಿನ ಹವಾಮಾನ ಸಂಸ್ಥೆ ಉತ್ತರವನ್ನು ಬರೆದೇ ಇಟ್ಟಿದೆ. ಪೂರ್ಣ ಬಲಿತ ಚಂಡಮಾರುತವೊಂದು ಹೊರಹಾಕುವ ಶಾಖವು 20 ನಿಮಿಷಕ್ಕೊಮ್ಮೆ 10 ಮೆಗಾಟನ್ನಿನ ಅಣುಬಾಂಬು ಸಿಡಿಸಿದಷ್ಟು. ಹಿರೋಶಿಮಾದ ಮೇಲೆ ಬಿದ್ದದ್ದು ಸುಮಾರು 15 ಕಿಲೋಟನ್ನಿನದು. ಅಂದರೆ ಅಂಥ ಆರುನೂರಕ್ಕೂ ಹೆಚ್ಚು ಬಾಂಬುಗಳು, ಗಂಟೆಗೆ ಮೂರು ಸಲ! ಇದರ ಎದುರು ನಮ್ಮದೊಂದು ಬಾಂಬು ಯಾವ ಲೆಕ್ಕ? ಗಾಳಿಯಂತೂ ನಿಲ್ಲದು. ವಿಷದ ಧೂಳು ಮಾತ್ರ ಅದೇ ಗಾಳಿಯ ಬೆನ್ನೇರಿ ದಡಕ್ಕೆ ಬಂದೀತು.

ಬಾಂಬಿಲ್ಲದೆ ಮಾಡಿದ ಪ್ರಯತ್ನಗಳೂ ಉಂಟು. 1947ರ ಅಕ್ಟೋಬರದಲ್ಲಿ ಅಮೆರಿಕದ ವಿಜ್ಞಾನಿಗಳು ಅಟ್ಲಾಂಟಿಕ್ ಸಾಗರದತ್ತ ಹೋಗುತ್ತಿದ್ದ ಚಂಡಮಾರುತವೊಂದರ ಮೋಡಗಳ ಮೇಲೆ ವಿಮಾನದಿಂದ ಒಣ ಮಂಜುಗಡ್ಡೆ ಸುರಿದರು. ಅದು ದಿಕ್ಕು ಬದಲಿಸಿ ಜಾರ್ಜಿಯ ರಾಜ್ಯದ ಸವಾನಾ ನಗರದ ಕಡೆಗೆ ನುಗ್ಗಿತು. ತಾನಾಗಿಯೇ ತಿರುಗಿತ್ತೆಂದು ಮುಂದೆ ತಜ್ಞರು ಹೇಳಿದರೂ ಜನರ ಸಿಟ್ಟು ತಪ್ಪಲಿಲ್ಲ. ನಾಳೆ ಮುಂಬಯಿಯತ್ತ ಬರುವ ಗಾಳಿಯನ್ನು ಯಾರೋ ತಿರುಗಿಸಿದರೆನ್ನಿ, ಅದು ಗುಜರಾತಿನ ಮೇಲೋ ನಮ್ಮ ಉಡುಪಿ, ಕಾರವಾರದ ಮೇಲೋ ಎರಗಿದರೆ ಉತ್ತರ ಹೇಳುವವರು ಯಾರು?

1962ರಿಂದ 1983ರ ತನಕ ಅದೇ ಅಮೆರಿಕ ಸ್ಟಾರ್ಮ್‌ಫ್ಯೂರಿ ಎಂಬ ಯೋಜನೆ ನಡೆಸಿತು. ಮೋಡಬಿತ್ತನೆಗೆ ಬಳಸುವ ಸಿಲ್ವರ್ ಅಯೊಡೈಡನ್ನೇ ಚಂಡಮಾರುತದೊಳಗೆ ಚೆಲ್ಲಿದರು. 1969ರಲ್ಲಿ ಡೆಬಿ ಎಂಬ ಚಂಡಮಾರುತದ ವೇಗ ಶೇ. 30ರಷ್ಟು ಇಳಿದಾಗ ಗೆದ್ದೆವೆಂದೇ ಭಾವಿಸಿದರು. ಆದರೆ ಏನನ್ನೂ ಚೆಲ್ಲದ ಚಂಡಮಾರುತಗಳೂ ಹಾಗೆಯೇ ಇಳಿದು ಏರುತ್ತವೆ ಎಂದು ಅನಂತರ ಕಂಡುಬಂತು. ಆ ರಾಸಾಯನಿಕ ಕೆಲಸ ಮಾಡಬೇಕಾದರೆ ಮೋಡದಲ್ಲಿ ಅತಿ ತಣ್ಣಗಾದರೂ ಹೆಪ್ಪುಗಟ್ಟದ ನೀರು ಬೇಕು. ಚಂಡಮಾರುತದಲ್ಲಿ ಅದು ತೀರಾ ಕಡಿಮೆ. ಇಪ್ಪತ್ತು ವರ್ಷ ದುಡಿದವರು ಸೋಲನ್ನು ಒಪ್ಪಿಕೊಂಡು ಯೋಜನೆಯನ್ನು ಮುಚ್ಚಿದರು. ಈ ಪ್ರಾಮಾಣಿಕತೆಯನ್ನು ಮೆಚ್ಚಲೇಬೇಕು.

ಹಾಗಾದರೆ ವಿಜ್ಞಾನದಿಂದ ಪ್ರಯೋಜನವೇ ಇಲ್ಲವೇ? 1999ರ ಒಡಿಶಾ ಚಂಡಮಾರುತದಲ್ಲಿ ಸುಮಾರು ಹತ್ತು ಸಾವಿರ ಮಂದಿ ಸತ್ತರು. 2019ರಲ್ಲಿ ಫನಿ ಅಲ್ಲಿಗೇ ಬಂದಾಗ ಸುಮಾರು 12 ಲಕ್ಷ ಜನರನ್ನು ಮೊದಲೇ ಸಾಗಿಸಿದ್ದರಿಂದ ಸಾವು ನೂರನ್ನು ಮುಟ್ಟಲಿಲ್ಲ. ಗಾಳಿಯನ್ನು ಯಾರೂ ತಡೆದಿರಲಿಲ್ಲ.

ನಮ್ಮ ಮುಂಬಯಿಯ ಕತೆ ಬೇರೆ. ತೌಕ್ತೆಯ ಎಚ್ಚರಿಕೆ ದಿನಗಳ ಮೊದಲೇ ಬಂದಿತ್ತು. ಆದರೂ ತೈಲಕ್ಷೇತ್ರದ ಬಳಿ 261 ಜನರಿದ್ದ ಪಿ-305 ಬಾರ್ಜ್ ಸಮುದ್ರದಲ್ಲೇ ಉಳಿಯಿತು. ಲಂಗರು ಕಿತ್ತು ಮೇ 17ರಂದು ಅದು ಮುಳುಗಿತು, 70ಕ್ಕೂ ಹೆಚ್ಚು ಮಂದಿ ತೀರಿಕೊಂಡರು. ಅವರಿಗೆ ಬೇಕಾಗಿದ್ದುದು ಬಾಂಬಲ್ಲ, ದಡಕ್ಕೆ ಬನ್ನಿ ಎಂಬ ಒಂದು ಆಜ್ಞೆ. ಯಾರೋ ಒಂದು ದಿನ ಗಾಳಿಯನ್ನೇ ನಿಲ್ಲಿಸುತ್ತಾರೆಂದು ಕಾದು ಕುಳಿತವರು ಇಂಥ ಪ್ರಶ್ನೆಯನ್ನು ಕೇಳುವುದೇ ಇಲ್ಲ.

ನಮ್ಮ ಸಂಘಗಳು ವಾರ್ಷಿಕೋತ್ಸವಕ್ಕೆ ಮನೆಮನೆಗೆ ಆಮಂತ್ರಣ ತಲಪಿಸುತ್ತವೆ, ಒಬ್ಬರನ್ನೂ ಬಿಡುವುದಿಲ್ಲ. ಅದೇ ಪಟ್ಟಿಯಲ್ಲಿ ಒಂಟಿಯಾಗಿರುವ ಹಿರಿಯರು ಯಾರು, ತಗಡಿನ ಮಾಡಿನಡಿ ಇರುವವರು ಯಾರು, ದೋಣಿಯಲ್ಲಿ ದುಡಿಯುವವರು ಯಾರು ಎಂದು ಗುರುತು ಹಾಕಬಾರದೇಕೆ? ಎಚ್ಚರಿಕೆ ಬಂದ ದಿನ ಯುವ ವಿಭಾಗದವರು ತಲಾ ಹತ್ತು ಮನೆಗೆ ಫೋನು ಮಾಡಬಹುದು; ಸಂಘದ ಸಭಾಗೃಹದ ಬಾಗಿಲನ್ನು ಆ ರಾತ್ರಿ ತೆರೆದಿಡಬಹುದು. ಕೀಲಿಕೈ ಯಾರ ಬಳಿ ಇರಬೇಕೆಂಬುದನ್ನೂ ಮೊದಲೇ ನಿಶ್ಚಯಿಸಬೇಕು. (ನಮ್ಮಲ್ಲಿ ಜಗಳ ಆಗುವುದೇ ಅಲ್ಲಿ!) ಮುಂದಿನ ಮಹಾಸಭೆಯಲ್ಲಿ ಈ ವಿಷಯಕ್ಕೆ ಹತ್ತು ನಿಮಿಷ ಕೊಡಿ ಎಂದು ಕಾರ್ಯದರ್ಶಿಗಳಿಗೆ ಬರೆದಿದ್ದೇನೆ. ಬಾಂಬಿನ ಪ್ರಶ್ನೆ ಕೇಳಿದ ಹಿರಿಯರೇ ಅನುಮೋದಿಸಲು ಒಪ್ಪಿದ್ದಾರೆ.