ಹೈಟಿಯ ಅಕ್ಕಿ: ಅಗ್ಗದ ಲೆಕ್ಕ ಯಾರದು?

ಹೈಟಿಯ ರೈತರಿಗೆ ದಕ್ಷತೆಯಿಲ್ಲ, ಅಗ್ಗದ ಅಮೆರಿಕನ್ ಅಕ್ಕಿ ಬಂದದ್ದರಿಂದಲೇ ಅಲ್ಲಿನ ಬಡವರ ಹೊಟ್ಟೆ ತುಂಬಿತು ಎಂಬುದು ಕಳೆದ ಸಂಚಿಕೆಯ ಲೇಖನದ ಸಾರ. ಅಲ್ಲಿನ ಅಕ್ಕಿ ಬೆಳೆಯುವ ಆರ್ಟಿಬೊನೈಟ್ ಕಣಿವೆಯ ನೀರಾವರಿ ಹದಗೆಟ್ಟಿದೆ, ಪೆಲಿಗ್ರ್ ಅಣೆಕಟ್ಟಿನಲ್ಲಿ ಹೂಳು ತುಂಬಿದೆ ಎಂಬ ಮಾತು ನಿಜ. ಆದರೆ ಕಾಲಾನುಕ್ರಮವನ್ನು ಲೇಖಕರು ನೋಡಿಯೇ ಇಲ್ಲ.

1980ರ ದಶಕದ ಆರಂಭದಲ್ಲಿ ಹೈಟಿ ತನ್ನ ಅಕ್ಕಿಯ ಬಹುಪಾಲನ್ನು ತಾನೇ ಬೆಳೆಯುತ್ತಿತ್ತು. 1986ರಲ್ಲಿ ಸರ್ವಾಧಿಕಾರಿ ಡುವಾಲಿಯೆಯ ಆಡಳಿತ ಉರುಳಿದ ಮೇಲೆ ಮಾರುಕಟ್ಟೆ ತೆರೆಯಿತು. 1995ರಲ್ಲಿ ಆಮದು ಸುಂಕ ಶೇ. 3ಕ್ಕೆ ಇಳಿಯಿತು. ಇಂದು ತಿನ್ನುವ ಅಕ್ಕಿಯಲ್ಲಿ ಸುಮಾರು ಶೇ. 80 ಹೊರಗಿನದು. ಅದೂ ಎಂಥ ಸ್ಪರ್ಧೆ! ಒಂದು ಕಡೆ ಅಮೆರಿಕ ಸರ್ಕಾರದ ಸಬ್ಸಿಡಿ ಪಡೆದ ಅರ್ಕಾನ್ಸಾ ಬೆಳೆಗಾರ, ಇನ್ನೊಂದು ಕಡೆ ಸಾಲವೂ ಸಿಗದ ತುಂಡು ಹಿಡುವಳಿದಾರ. ಇದನ್ನು ದಕ್ಷತೆಯ ಪರೀಕ್ಷೆ ಎನ್ನುವುದು ಒಬ್ಬನ ಕೈ ಕಟ್ಟಿ ಕುಸ್ತಿಗೆ ಇಳಿಸಿದಂತೆ. ಅಮೆರಿಕದ ಅಧ್ಯಕ್ಷರಾಗಿ ಸುಂಕ ಇಳಿಕೆಗೆ ಒತ್ತಾಯಿಸಿದ್ದ ಬಿಲ್ ಕ್ಲಿಂಟನ್ ಅವರೇ 2010ರಲ್ಲಿ ಸೆನೆಟ್ ಸಮಿತಿಯ ಮುಂದೆ ಅದು ತಪ್ಪಾಗಿತ್ತು ಎಂದು ಒಪ್ಪಿಕೊಂಡರು. ಲೇಖಕರು ಮಾತ್ರ ಇನ್ನೂ ಒಪ್ಪಿಲ್ಲ.

ಇನ್ನು ‘ಅಗ್ಗ’ದ ಮಾತು. ಆಮದಿನ ಅಕ್ಕಿ ಯಾವಾಗಲೂ ಅಗ್ಗವಾಗಿ ಉಳಿಯಲಿಲ್ಲ. 2008ರಲ್ಲಿ ಜಾಗತಿಕ ಬೆಲೆ ಏರಿದಾಗ ಹೈಟಿಯಲ್ಲಿ ದಂಗೆಗಳಾದವು, ಪ್ರಧಾನಿ ಜಾಕ್-ಎಡ್ವರ್ ಅಲೆಕ್ಸಿ ಕುರ್ಚಿ ಕಳೆದುಕೊಂಡರು. ಆದರೆ ಅದೇ ದ್ವೀಪದಲ್ಲಿ ಹೈಟಿಯ ಮಗ್ಗುಲಿಗೇ ಇರುವ ಡೊಮಿನಿಕನ್ ಗಣರಾಜ್ಯ ದಶಕಗಳ ಕಾಲ ಅಕ್ಕಿಗೆ ಹೆಚ್ಚಿನ ಸುಂಕದ ರಕ್ಷಣೆ ಕೊಟ್ಟು, ತನಗೆ ಬೇಕಾದ ಅಕ್ಕಿಯನ್ನು ಬಹುಮಟ್ಟಿಗೆ ತಾನೇ ಬೆಳೆಯುತ್ತ ಬಂದಿದೆ. ಲೇಖನದಲ್ಲಿ ಅದರ ಹೆಸರೂ ಇಲ್ಲ.