ಮಂಜಿನ ಮೇಲೆ ಗೂಬೆ ಕೂರಿಸಬೇಡಿ

ಡಿಸೆಂಬರ್ ಬಂತೆಂದರೆ ಸಾಕು, ಅಲ್ ರೀಮ್ ಐಲ್ಯಾಂಡಿನ ಟವರುಗಳಲ್ಲಿ ವಾಚ್‌ಮನ್, ಕ್ಲೀನಿಂಗ್, ಮೆಂಟೆನೆನ್ಸ್ ಕೆಲಸ ಮಾಡುವ, ಕೆಳಗಿನ ಗ್ರೋಸರಿ, ಕೆಫೆಟೇರಿಯಾಗಳಲ್ಲಿ ದುಡಿಯುವ ನಮ್ಮವರ ಮೊಬೈಲಿಗೆ ಮೆಸೇಜು ಬರಲು ಶುರು. ಹವಾಮಾನ ಸರಿಯಿಲ್ಲ, ವಿಮಾನ ರದ್ದು ಅಂತೆ. ಹೊರಗೆ ನೋಡಿದರೆ ಬಿಸಿಲು. ಊರಿಗೆ ಫೋನ್ ಮಾಡಿ ಕೇಳಿದರೆ ಬಜ್ಪೆಯಲ್ಲೂ ಬಿಸಿಲು. ಹಾಗಾದರೆ ಹವಾಮಾನ ಕೆಟ್ಟದ್ದು ಎಲ್ಲಿ ಮಾರಾಯ್ರೆ? ಈ ದ್ವೀಪದಲ್ಲಿ ಹಿಮ ಬೀಳುವುದು ರೀಮ್ ಮಾಲ್ ಒಳಗಿನ ಸ್ನೋ ಪಾರ್ಕಿನಲ್ಲಿ ಮಾತ್ರ. ಅದಕ್ಕೂ ಟಿಕೆಟ್ ತೆಗೆಯಬೇಕು.

ಮಂಜು ಇಲ್ಲವೇ ಇಲ್ಲ ಎಂದು ನಾವು ಹೇಳುತ್ತಿಲ್ಲ. ಅಬುಧಾಬಿಯಲ್ಲಿ ಚಳಿಗಾಲದ ಬೆಳಗಿನ ಜಾವ ದಟ್ಟ ಮಂಜು ಕವಿಯುತ್ತದೆ, ಬಿಸಿಲು ಏರಿದಂತೆ ಕರಗುತ್ತದೆ. 2024ರ ಏಪ್ರಿಲ್ 16ರಂದು ಅಲ್ ಐನ್ ಕಡೆ ಒಂದೇ ದಿನಕ್ಕೆ 254 ಮಿಲಿಮೀಟರ್ ಮಳೆ ಸುರಿದು ದುಬೈ ವಿಮಾನ ನಿಲ್ದಾಣ ಕೆರೆಯಾದಾಗ, ವಿಮಾನ ಯಾಕೆ ಹಾರಲಿಲ್ಲ ಎಂದು ನಮ್ಮಲ್ಲಿ ಯಾರೂ ಕೇಳಲಿಲ್ಲ. ಅದು ಅಸಾಧಾರಣ. ಆದರೆ ಪ್ರತಿ ಡಿಸೆಂಬರಿನಲ್ಲಿ ದಿಲ್ಲಿಗೆ ಮಂಜು ಬರುವುದು ಅಸಾಧಾರಣವೇ? ಅದು ಕ್ಯಾಲೆಂಡರಿನಲ್ಲಿ ಬರೆದಿಟ್ಟ ಹಾಗೆ ಬರುತ್ತದೆ. ದಿಲ್ಲಿಯಲ್ಲಿ ಸಿಕ್ಕಿಬಿದ್ದ ವಿಮಾನಕ್ಕೆ ಬದಲಿ ವಿಮಾನ ಇಲ್ಲ, ಬದಲಿ ಸಿಬ್ಬಂದಿ ಇಲ್ಲ ಎಂದರೆ ಅದು ಖರ್ಚು ಉಳಿಸಲು ಕಂಪೆನಿ ಮಾಡಿದ ತೀರ್ಮಾನ. ಅದರ ದಂಡ ಕಟ್ಟುವವರು ಮಂಗಳೂರಿನ ಪ್ರಯಾಣಿಕರು.

ಹವಾಮಾನದ ಹೆಸರೇ ಯಾಕೆ ಬೇಕು? ಉತ್ತರ ನಿಯಮದಲ್ಲೇ ಇದೆ. ಭಾರತದ ವಿಮಾನಯಾನ ನಿಯಂತ್ರಕ ಡಿಜಿಸಿಎ ನಿಯಮದಂತೆ, ಸಕಾಲದಲ್ಲಿ ತಿಳಿಸದೆ ವಿಮಾನ ರದ್ದು ಮಾಡಿದರೆ ಎರಡು ಗಂಟೆಗಿಂತ ದೀರ್ಘ ಹಾರಾಟಕ್ಕೆ 10,000 ರೂಪಾಯಿ, ಅಥವಾ ಮೂಲ ದರ ಮತ್ತು ಇಂಧನ ಶುಲ್ಕ, ಇವುಗಳಲ್ಲಿ ಕಡಿಮೆ ಯಾವುದೋ ಅದನ್ನು ಪರಿಹಾರವಾಗಿ ಕೊಡಬೇಕು. ಕಾರಣ ಹವಾಮಾನವಾದರೆ ಈ ಪರಿಹಾರ ಇಲ್ಲ. ಅಂದರೆ ಮೆಸೇಜಿನಲ್ಲಿ ಬರುವ ಆ ಒಂದು ಪದಕ್ಕೆ ಬೆಲೆ ಇದೆ. ಒಂದು ವಿಮಾನದ 180 ಸೀಟಿನ ಲೆಕ್ಕ ಹಾಕಿ ನೋಡಿ.

2025ರ ಡಿಸೆಂಬರಿನಲ್ಲಿ ಇಂಡಿಗೋ ವಿಮಾನಗಳು ಸಾಲುಸಾಲಾಗಿ ರದ್ದಾದವು. 5ನೇ ತಾರೀಕು ಒಂದೇ ದಿನ ಸಾವಿರಕ್ಕೂ ಹೆಚ್ಚು. ಕಂಪೆನಿ ಮೊದಲು ಕೊಟ್ಟ ಕಾರಣಗಳ ಪಟ್ಟಿಯಲ್ಲಿ ತಾಂತ್ರಿಕ ತೊಂದರೆ, ಚಳಿಗಾಲದ ವೇಳಾಪಟ್ಟಿ, ಪ್ರತಿಕೂಲ ಹವಾಮಾನ, ದಟ್ಟಣೆ ಎಲ್ಲವೂ ಇದ್ದವು. ಪೈಲಟ್‌ಗಳ ಕೆಲಸದ ಅವಧಿಯ ಹೊಸ ನಿಯಮ ಕೊನೆಯಲ್ಲಿತ್ತು. ಅಸಲಿ ವಿಷಯ ಆ ಕೊನೆಯದ್ದೇ. ವಾರದ ವಿಶ್ರಾಂತಿಯನ್ನು 36 ಗಂಟೆಯಿಂದ 48ಕ್ಕೆ ಏರಿಸುವ ನಿಯಮ ಪ್ರಕಟವಾದದ್ದು 2024ರ ಜನವರಿಯಲ್ಲಿ. ತಯಾರಿಗೆ ಹತ್ತಿರ ಹತ್ತಿರ ಎರಡು ವರ್ಷ ಸಿಕ್ಕಿತ್ತು. ಕೊನೆಗೆ ಡಿಜಿಸಿಎ ತನಿಖೆ ಬೆರಳು ತೋರಿಸಿದ್ದು ಕಂಪೆನಿಯ ಆಡಳಿತ ಮತ್ತು ಪೂರ್ವಸಿದ್ಧತೆಯ ಕೊರತೆಯ ಕಡೆಗೆ. 22 ಕೋಟಿ ರೂಪಾಯಿಗೂ ಮೀರಿ ದಂಡ ಬಿತ್ತು. ದರ ಏರಿಕೆಗೆ ಸರಕಾರ ಮಿತಿ ಹಾಕಿದ್ದೇನೋ ನಿಜ, ಆದರೆ ದೇಶದೊಳಗಿನ ಹಾರಾಟಕ್ಕೆ ಮಾತ್ರ. ಗಲ್ಫಿನವರು ಯಾರ ಲೆಕ್ಕದಲ್ಲೂ ಇರಲಿಲ್ಲ.

ಅದೇ ವಾರ ಸರಕಾರ ವಿಶ್ರಾಂತಿ ನಿಯಮದಲ್ಲಿ ಇಂಡಿಗೋಗೆ ಸಡಿಲಿಕೆಯನ್ನೂ ಕೊಟ್ಟಿತು. ಇದನ್ನು ನಾವು ಸುಮ್ಮನೆ ಬಿಡುವಂತಿಲ್ಲ. 2010ರ ಮೇ 22ರಂದು ದುಬೈಯಿಂದ ಹೊರಟ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಬಜ್ಪೆಯ ರನ್‌ವೇ ದಾಟಿ ಕಮರಿಗೆ ಬಿತ್ತು. 166 ಮಂದಿಯಲ್ಲಿ 158 ಮಂದಿ ತೀರಿಹೋದರು. ಕ್ಯಾಪ್ಟನ್ ದಾರಿಯಲ್ಲಿ ಒಂದೂವರೆ ಗಂಟೆಗೂ ಹೆಚ್ಚು ನಿದ್ದೆ ಹೋಗಿದ್ದರೆಂದು ತನಿಖಾ ವರದಿ ಹೇಳಿತು. ಪೈಲಟ್‌ಗೆ ವಿಶ್ರಾಂತಿ ಎಂದರೆ ನಮ್ಮ ಜೀವ. ಆದ್ದರಿಂದ ದಣಿದ ಪೈಲಟ್ ಹಾರಲಿ, ಮಂಜಿನಲ್ಲೇ ಇಳಿಸಲಿ ಎಂದು ನಾವು ಎಂದೂ ಕೇಳುವುದಿಲ್ಲ. ಸಾಕಷ್ಟು ಪೈಲಟ್‌ಗಳನ್ನು ಇಟ್ಟುಕೊಂಡು ಟಿಕೆಟ್ ಮಾರಿ ಎನ್ನುತ್ತೇವೆ.

ರದ್ದಾದರೆ ನಾಳೆ ಹೋದರಾಯಿತು ಎನ್ನುವವರಿಗೆ ಒಂದು ಮಾತು. ಯುಎಇ ಕಾರ್ಮಿಕ ಕಾನೂನಿನಲ್ಲಿ ಉಪ್ಪ, ಉಮ್ಮ ತೀರಿಕೊಂಡರೆ ಸಿಗುವ ರಜೆ 3 ದಿನ, ಹೆಂಡತಿ ತೀರಿಕೊಂಡರೆ 5 ದಿನ. ಮಯ್ಯತ್ ನಾಳೆಗೆ ಕಾಯುವುದಿಲ್ಲ. ಜಮಾಅತ್‌ಗೆ ಹೇಳಿ ನಿಗದಿ ಮಾಡಿದ ನಿಖಾಹ್ ಮುಂದೆ ಹೋಗುವುದಿಲ್ಲ. ರಜೆ ಮುಗಿಸಿ ಬರುವವನಿಗೆ ಒಂದು ದಿನ ತಡವಾದರೆ ಸಂಬಳ ಕಟ್.

ಹಾಗಾಗಿ ನಮ್ಮ ಬೇಡಿಕೆ ಸ್ಪಷ್ಟ. ವಿಮಾನ ರದ್ದಾದರೆ ಕಾರಣವನ್ನು ಲಿಖಿತವಾಗಿ ಕೊಡಬೇಕು. ಪ್ರತಿ ದೊಡ್ಡ ವಿಮಾನ ನಿಲ್ದಾಣದಿಂದ ಗಂಟೆಗೊಮ್ಮೆ, ಅರ್ಧ ಗಂಟೆಗೊಮ್ಮೆ ‘ಮೆಟಾರ್’ ಎಂಬ ಹವಾಮಾನ ವರದಿ ಹೊರಡುತ್ತದೆ. ಕಂಪೆನಿ ಹೇಳಿದ್ದಕ್ಕೂ ಆ ವರದಿಗೂ ತಾಳೆ ಇದೆಯೇ ಎಂದು ಡಿಜಿಸಿಎ ನೋಡಿ ಪ್ರಕಟಿಸಲಿ. ದಕ್ಷಿಣ ಕನ್ನಡ, ಉಡುಪಿ, ಕಾಸರಗೋಡಿನ ಸಂಸದರು ಸಂಸತ್ತಿನಲ್ಲಿ ಇದನ್ನು ಕೇಳಲಿ. ಚುನಾವಣೆ ಬಂದಾಗ ಗಲ್ಫಿನವರ ನೆನಪಾಗುವುದಾದರೆ ಈಗಲೂ ಆಗಲಿ.

ನಾವು ಮಾಡಬೇಕಾದ್ದೂ ಇದೆ. ಹವಾಮಾನ ಎಂದ ಕೂಡಲೇ ಹಕ್ಕು ಮುಗಿಯುವುದಿಲ್ಲ. ಬದಲಿ ವಿಮಾನ ಅಥವಾ ಪೂರ್ತಿ ಹಣ ಆಗಲೂ ಕೊಡಲೇಬೇಕು. ಅವಸರದಲ್ಲಿ ರೀಫಂಡ್ ಒತ್ತಿಬಿಟ್ಟರೆ ಬದಲಿ ವಿಮಾನ ಹೋಯಿತು, ಮತ್ತೆ ಕೈಯಿಂದಲೇ ಇಮ್ಮಡಿ ಕೊಡಬೇಕಾದೀತು. ಮೆಸೇಜು, ಟಿಕೆಟ್, ಖರ್ಚಿನ ಬಿಲ್ಲು ಎಲ್ಲ ಇಟ್ಟುಕೊಳ್ಳಿ. ಏರ್‌ಸೇವಾದಲ್ಲಿ ದೂರು ಹಾಕಿ. ಅಲ್ಲಿ ಆಗದಿದ್ದರೆ 2019ರ ಗ್ರಾಹಕ ಕಾಯ್ದೆಯಂತೆ ನೀವು ವಾಸವಿರುವ ಜಿಲ್ಲೆಯ ಆಯೋಗಕ್ಕೇ ಎರಡು ವರ್ಷದೊಳಗೆ ಹೋಗಬಹುದು. ಭಾರತವೂ ಯುಎಇಯೂ ಒಪ್ಪಿದ ಮಾಂಟ್ರಿಯಲ್ ಒಪ್ಪಂದದ ಪ್ರಕಾರ, ವಿಳಂಬ ತಪ್ಪಿಸಲು ಸಾಧ್ಯವಿದ್ದುದನ್ನೆಲ್ಲ ಮಾಡಿದೆವು ಎಂದು ಸಾಬೀತು ಮಾಡಬೇಕಾದ್ದು ಕಂಪೆನಿ, ನೀವಲ್ಲ.

ಅಲ್ಲಾಹನು ಕಳುಹಿಸುವ ಮಳೆಗೂ ಮಂಜಿಗೂ ನಮ್ಮಲ್ಲಿ ಸಬರ್ ಇದೆ. ಕಂಪೆನಿಯವರ ಲೆಕ್ಕಾಚಾರಕ್ಕೆ ಸಬರ್ ಯಾಕೆ? ಅದಕ್ಕೆ ಹಿಸಾಬು ಕೇಳೋಣ.