‘ಸ್ಲೋ ಲರ್ನರ್’ ಅಂದರೆ ಯಾರು ಸ್ವಾಮಿ?

ನಾವು ಬಿ.ಎಸ್ಸಿ. ಎರಡನೇ ಸೆಮಿಸ್ಟರಿನಲ್ಲಿದ್ದಾಗ ಕಾಲೇಜಿನ ನೋಟೀಸ್ ಬೋರ್ಡಿಗೆ ಒಂದು ಹಾಳೆ ಅಂಟಿಸಿದರು. ಮೇಲೆ ದಪ್ಪಕ್ಷರದಲ್ಲಿ ‘ಸ್ಲೋ ಲರ್ನರ್ಸ್’ ಅಂತ ಬರೆದಿತ್ತು. ಕೆಳಗೆ ಹೆಸರುಗಳು. ಓದುತ್ತ ಹೋದರೆ ನಮ್ಮ ಹಾಸ್ಟೆಲಿನ ಹಾಜರಿ ಪುಸ್ತಕವನ್ನೇ ಓದಿದ ಹಾಗಿತ್ತು. ಗುಡಿಯ ಬಾಗಿಲಲ್ಲಿ, ಹೋಟೆಲಿನ ಲೋಟದಲ್ಲಿ ನಮ್ಮನ್ನು ಬೇರೆ ಇಡುವವರಿಗೆ ಬೋರ್ಡು ಬರೆದು ಹಾಕುವ ಧೈರ್ಯವಿಲ್ಲ, ಕಾನೂನಿದೆ. ಕಾಲೇಜಿನಲ್ಲಿ ಮಾತ್ರ ಬರೆದೇ ಅಂಟಿಸಿದರು. ಇಂಗ್ಲಿಷಿನಲ್ಲಿ.

ಆ ಹಾಳೆಯ ಮುಂದೆ ನಿಂತು ನಮ್ಮ ರೂಮಿನ ಹುಡುಗನೊಬ್ಬ ಕೇಳಿದ: “ಅಣ್ಣಾ, ಸ್ಲೋ ಅಂದ್ರೆ ನಿಧಾನ ತಾನೆ? ಬೆಳಗ್ಗೆ ನಾಕು ಗಂಟೆಗೆ ಎದ್ದು, ಹಿಪ್ಪುನೇರಳೆ ಸೊಪ್ಪು ಕುಯ್ದು, ದಣಿ ಮನೆ ಹುಳಕ್ಕೆ ಹಾಕಿ, ಎಂಟು ಮೈಲಿ ಸೈಕಲ್ ತುಳ್ಕಂಡು ಹೈಸ್ಕೂಲಿಗೆ ಹೋಯ್ತಿದ್ದೋನು ನಾನು. ನಾನು ಯಾವಾಗ ನಿಧಾನ ಆದೆ?”

ಆವತ್ತು ನಮ್ಮ ಬಾಯಲ್ಲಿ ಉತ್ತರ ಇರಲಿಲ್ಲ. ಈಗ ಇದೆ. ತಡವಾಯಿತು. ಆದರೂ ಹೇಳುತ್ತೇವೆ.

ನಾವು ಹತ್ತನೇ ಕ್ಲಾಸಿನವರೆಗೆ ವಿಜ್ಞಾನವನ್ನು ಕನ್ನಡದಲ್ಲಿ ಓದಿದವರು. ಜಡತ್ವ, ಘರ್ಷಣೆ, ವೇಗೋತ್ಕರ್ಷ, ದ್ಯುತಿಸಂಶ್ಲೇಷಣೆ. ಕೆಸರಲ್ಲಿ ಹೂತ ಗಾಡಿಯ ಚಕ್ರಕ್ಕೆ ಹೆಗಲು ಕೊಟ್ಟವರಿಗೆ ಘರ್ಷಣೆ ಅಂದರೇನು ಅಂತ ಬಿಡಿಸಿ ಹೇಳಬೇಕಾಗಿರಲಿಲ್ಲ. ಪಿಯುಸಿ ಸೈನ್ಸಿಗೆ ಸೇರಿದ ಮೊದಲ ದಿನವೇ ಅವೆಲ್ಲ ಇನರ್ಷಿಯಾ, ಫ್ರಿಕ್ಷನ್, ಆಕ್ಸಿಲರೇಷನ್ ಆದವು. ಎರಡು ತಿಂಗಳ ಬೇಸಗೆ ರಜದಲ್ಲಿ ನಮಗೆ ಗೊತ್ತಿದ್ದ ವಿಜ್ಞಾನವೆಲ್ಲ ಗೊತ್ತಿಲ್ಲದ್ದಾಯಿತು. ಪೇಟೆಯ ಹುಡುಗರು ಟ್ಯೂಷನ್ನಿಗೆ ದುಡ್ಡು ಕಟ್ಟಿದರು. ನಾವು ಡಿಕ್ಷನರಿ ತೆಗೆದು ಕೂತೆವು. ಅವರು ಲೆಕ್ಕ ಬಿಡಿಸುವ ಹೊತ್ತಿನಲ್ಲಿ ನಾವು ಪದ ಬಿಡಿಸುತ್ತಿದ್ದೆವು. ಈ ಅಂತರಕ್ಕೆ ಆ ಕಡೆಯಿಂದ ‘ಪ್ರತಿಭೆ’ ಅಂತ ಹೆಸರಿಟ್ಟರು, ಈ ಕಡೆಯಿಂದ ‘ಸ್ಲೋ’ ಅಂದರು.

2023ರ ಏಪ್ರಿಲ್‌ನಲ್ಲಿ ಯುಜಿಸಿ ವಿಶ್ವವಿದ್ಯಾಲಯಗಳಿಗೆ ಕಾಗದ ಬರೆದು, ಪಾಠ ಇಂಗ್ಲಿಷಿನಲ್ಲಿದ್ದರೂ ಪರೀಕ್ಷೆಯನ್ನು ಸ್ಥಳೀಯ ಭಾಷೆಯಲ್ಲಿ ಬರೆಯಲು ಬಿಡಿ ಎಂದಿತು. ಸಂತೋಷ. ಪಾಠ ಇಂಗ್ಲಿಷಿನಲ್ಲಿ ಕೇಳಿ, ಪುಸ್ತಕ ಇಂಗ್ಲಿಷಿನಲ್ಲಿ ಓದಿ, ಉತ್ತರ ಕನ್ನಡದಲ್ಲಿ ಬರೆಯುವುದು ಹೇಗೆ ಸ್ವಾಮಿ? ನಡುವೆ ಕೂತು ಹೇಳಿಕೊಡುವವರು ಯಾರು?

ಹೇಳಿಕೊಡುತ್ತೇವೆ ಅಂತಲೇ ಪಟ್ಟಿ ಮಾಡಿದರು. ಕಾಲೇಜುಗಳಿಗೆ ದರ್ಜೆ ಕೊಡುವ ನ್ಯಾಕ್ ಸಂಸ್ಥೆ ತನ್ನ ಪ್ರಶ್ನಾವಳಿಯಲ್ಲಿ ‘ಸ್ಲೋ ಲರ್ನರ್’ಗಳಿಗೆ ಏನು ಮಾಡಿದಿರಿ, ‘ಅಡ್ವಾನ್ಸ್ಡ್ ಲರ್ನರ್’ಗಳಿಗೆ ಏನು ಮಾಡಿದಿರಿ ಅಂತ ಕೇಳುತ್ತ ಬಂದಿತ್ತು. ಕೇಳಿದ್ದಕ್ಕೆ ಉತ್ತರ ಬೇಕಲ್ಲ, ಪಟ್ಟಿ ಬಂತು. ಪ್ರಾಕ್ಟಿಕಲ್ ಮುಗಿಸಿ, ಹೊಟ್ಟೆ ಚುರುಗುಡುವ ಸಂಜೆ ನಾಲ್ಕೂವರೆಗೆ ರೆಮಿಡಿಯಲ್ ಕ್ಲಾಸು. ಬೆಳಗ್ಗೆ ಓದಿದ ನೋಟ್ಸನ್ನೇ ಅದೇ ಇಂಗ್ಲಿಷಿನಲ್ಲಿ ಇನ್ನೊಂದಿಷ್ಟು ಗಟ್ಟಿಯಾಗಿ ಓದಿದರು. ಸಹಿ ಹಾಕಿಸಿಕೊಂಡರು. ಫೋಟೋ ತೆಗೆದರು. ಫೈಲು ದಪ್ಪವಾಯಿತು. ಯಾಕೆ ಅರ್ಥವಾಗಲಿಲ್ಲ ಅಂತ ಒಬ್ಬರೂ ಕೇಳಲಿಲ್ಲ. ಕೇಳಿದ್ದರೆ ಉತ್ತರ ಅವರ ಬುಡಕ್ಕೇ ಬರುತ್ತಿತ್ತು.

ನಮಗೆ ಕೆಮಿಸ್ಟ್ರಿ ಅರ್ಥವಾದದ್ದು ಆ ಕ್ಲಾಸಿನಲ್ಲಲ್ಲ, ಹಾಸ್ಟೆಲಿನ ಜಗುಲಿಯ ಮೇಲೆ. ಹೇಳಿಕೊಟ್ಟವನು ರ‍್ಯಾಂಕ್ ಬಂದವನಲ್ಲ. ಅದೇ ಪೇಪರಿನಲ್ಲಿ ಎರಡು ಸಲ ಡುಮ್ಕಿ ಹೊಡೆದು ಮೂರನೇ ಸಲ ದಾಟಿದ ಸೀನಿಯರ್. ಮೋಲ್ ಅಂದರೇನು ಅಂತ ನಾವು ಕೇಳಿದಾಗ ಅವನು ಪುಸ್ತಕ ಮುಚ್ಚಿದ.

“ಲೋ, ನಿಮ್ಮವ್ವ ಸಾಲ ಕೊಡುವಾಗ ರಾಗಿ ಎಣಿಸಿ ಕೊಡ್ತಾಳಾ, ಅಳ್ದು ಕೊಡ್ತಾಳಾ?”

“ಅಳ್ದು ಕೊಡ್ತಾಳೆ. ಕಾಳು ಎಣಿಸಕ್ಕಾಯ್ತದಾ ಅಣ್ಣಾ?”

“ಅಣು ರಾಗಿಗಿಂತ ಸಣ್ಣದು. ಅದನ್ನೂ ಎಣಿಸಕ್ಕಾಗಲ್ಲ, ತೂಗ್ತಾರೆ. ಮೋಲ್ ಅಂದ್ರೆ ಅಣುಗಳ ಸೇರು ಅಂದ್ಕೊ.”

ಮೂಲೆಯಲ್ಲಿ ಕೂತಿದ್ದ ನಮ್ಮ ರೂಮಿನ ಹುಡುಗ, ಅದೇ ಸ್ಲೋ ಲರ್ನರ್, ತಕರಾರು ತೆಗೆದ: “ಅದೆಂಗಣ್ಣಾ? ಒಂದು ಸೇರು ರಾಗೀಲಿ ಇರೋಷ್ಟು ಕಾಳು ಒಂದು ಸೇರು ಅವರೇಲಿ ಇರಕಿಲ್ವಲ್ಲ?”

ಸೀನಿಯರ್ ಸುಮ್ಮನಾದ. ತಲೆ ಕೆರೆದುಕೊಂಡ. ಆಮೇಲೆ ತೊಡೆ ತಟ್ಟಿ ನಕ್ಕ. “ಸರಿಯಾಗಿ ಹಿಡ್ದೆ ಕಣ್ಲಾ! ಸೇರಲ್ಲಿ ಅಳತೆ ಒಂದೇ, ಕಾಳಿನ ಸಂಖ್ಯೆ ಬೇರೆ. ಮೋಲಲ್ಲಿ ಸಂಖ್ಯೆ ಒಂದೇ, ತೂಕ ಬೇರೆ. ಇಂಗಾಲ ಆದ್ರೆ 12 ಗ್ರಾಂ, ನೀರಾದ್ರೆ 18 ಗ್ರಾಂ. ಎರಡರಲ್ಲೂ ಕಣದ ಲೆಕ್ಕ ಒಂದೇ.”

ಮೂರು ವರ್ಷದಿಂದ ನಮ್ಮನ್ನು ಕಾಡಿದ 6.022 ಗುಣಿಸು ಹತ್ತರ ಘಾತ 23 ಅನ್ನೋ ಸಂಖ್ಯೆ ಆ ರಾತ್ರಿ ಹತ್ತು ನಿಮಿಷದಲ್ಲಿ ನಮ್ಮದಾಯಿತು. ಹೇಳಿಕೊಟ್ಟವನಿಗೂ ಅದು ಪೂರ್ತಿ ತಿಳಿದದ್ದು ಆಗಲೇ, ಆ ಹುಡುಗನ ತಕರಾರಿನಿಂದ. ಗುಂಡಿಗೆ ಬಿದ್ದು ಎದ್ದವನಿಗೆ ಗುಂಡಿ ಎಲ್ಲಿದೆ ಅಂತ ಗೊತ್ತಿರುತ್ತದೆ. ಹುಟ್ಟಾ ಟಾರು ರಸ್ತೆಯಲ್ಲಿ ನಡೆದವರಿಗೆ ಏನು ಗೊತ್ತು?

ಇದು ಬರೀ ನಮ್ಮ ಜಗುಲಿಯ ಕಥೆ ಅಂದುಕೊಳ್ಳಬೇಡಿ. ನಮ್ಮ ದಲಿತ್ ಪ್ಯಾಂಥರ್ ಗೆಳೆಯರು 1972ರಲ್ಲಿ ಬೊಂಬಾಯಿಯಲ್ಲಿ ಹೆಸರನ್ನು ಎರವಲು ತಂದದ್ದು ಅಮೆರಿಕದ ಕಪ್ಪು ಜನರ ಬ್ಲ್ಯಾಕ್ ಪ್ಯಾಂಥರ್‌ಗಳಿಂದ. ಆ ಪಕ್ಷ 1966ರಲ್ಲಿ ಹುಟ್ಟಿದ್ದು ಓಕ್ಲೆಂಡ್ ಅನ್ನೋ ಊರಲ್ಲಿ. ಅದರ ಪಕ್ಕದ ಊರೇ ಬರ್ಕ್ಲಿ, ದೊಡ್ಡ ವಿಶ್ವವಿದ್ಯಾಲಯದ ಊರು. 1970ರ ದಶಕದಲ್ಲಿ ಅಲ್ಲಿ ಕಪ್ಪು ವಿದ್ಯಾರ್ಥಿಗಳು ಕ್ಯಾಲ್ಕುಲಸ್‌ನಲ್ಲಿ ಸಾಲುಸಾಲಾಗಿ ಫೇಲಾಗುತ್ತಿದ್ದರು. ಮೇಷ್ಟ್ರುಗಳನ್ನು ಕೇಳಿದರೆ ಇಲ್ಲಿಯ ಉತ್ತರವೇ ಅಲ್ಲೂ: ಆಸಕ್ತಿ ಇಲ್ಲ, ತಳಪಾಯ ಇಲ್ಲ, ಮನೆಯಲ್ಲಿ ಓದಿನ ವಾತಾವರಣ ಇಲ್ಲ, ದುಡ್ಡಿಲ್ಲ. ಯೂರಿ ಟ್ರೈಸ್ಮನ್ ಅನ್ನುವ ಗಣಿತದ ಯುವಕ ಇದನ್ನು ನಂಬದೆ, 20 ಕಪ್ಪು ವಿದ್ಯಾರ್ಥಿಗಳನ್ನೂ 20 ಚೀನೀ ಮೂಲದವರನ್ನೂ ಹಿಂಬಾಲಿಸಿ, ಅವರು ಹೇಗೆ ಓದುತ್ತಾರೆ ಅಂತ ನೋಡಿದ. ಕಪ್ಪು ಹುಡುಗರು ಸೋಮಾರಿಗಳಲ್ಲ, ಹೇಳಿದಷ್ಟು ಹೊತ್ತು ಓದುತ್ತಿದ್ದರು. ಆದರೆ 20ರಲ್ಲಿ 18 ಜನ ಒಬ್ಬೊಬ್ಬರೇ, ಬಾಗಿಲು ಹಾಕಿಕೊಂಡು ಓದುತ್ತಿದ್ದರು. ಚೀನೀ ಹುಡುಗರು ಒಬ್ಬೊಬ್ಬರೇ ಓದಿಯೂ, ಸಂಜೆ ಒಟ್ಟಿಗೆ ಅಡುಗೆ ಮಾಡಿ ಉಂಡು, ಲೆಕ್ಕಗಳ ಮೇಲೆ ಜಗಳವಾಡುತ್ತಿದ್ದರು. ಒಬ್ಬನಿಗೆ ಬಾರದ್ದು ಇನ್ನೊಬ್ಬನಿಗೆ ಬರುತ್ತಿತ್ತು. ಯಾರಿಗೂ ಬಾರದಿದ್ದರೆ ಲೆಕ್ಕವೇ ಕಷ್ಟದ್ದು, ತಾನು ದಡ್ಡನಲ್ಲ ಅಂತ ಗೊತ್ತಾಗುತ್ತಿತ್ತು.

ಟ್ರೈಸ್ಮನ್ ಕಪ್ಪು ವಿದ್ಯಾರ್ಥಿಗಳಿಗಾಗಿ ಕಟ್ಟಿದ ಕೂಟದಲ್ಲಿ ರೆಮಿಡಿಯಲ್ ಅನ್ನೋ ಮಾತೇ ಇರಲಿಲ್ಲ. ಸುಲಭದ ಲೆಕ್ಕ ಕೊಟ್ಟು ಬೆನ್ನು ಸವರಲಿಲ್ಲ. ಕಷ್ಟದ ಲೆಕ್ಕ ಕೊಟ್ಟು ಒಟ್ಟಿಗೆ ಕೂರಿಸಿದರು. ಅಲ್ಲಿ ಕೂತವರು ಕೂರದವರಿಗಿಂತ ಎಷ್ಟೋ ಮುಂದೆ ಹೋದರು.

ಈಗ ಯಾರಾದರೂ ಎದ್ದು ನಿಂತು, ಇದೆಲ್ಲ ನಮ್ಮ ಸನಾತನ ಗುರುಕುಲದ್ದೇ ಪದ್ಧತಿ ಅನ್ನುತ್ತಾರೆ. ಅನ್ನಲಿ. ಆಂಡ್ರೂ ಬೆಲ್ ಅನ್ನುವ ಪಾದ್ರಿ 1789ರಿಂದ ಮದ್ರಾಸಿನ ಅನಾಥಾಲಯದ ಶಾಲೆ ನಡೆಸಿದವನು. ನಮ್ಮ ಕಡೆಯ ಊರಶಾಲೆಯಲ್ಲಿ ಮಕ್ಕಳು ಮರಳ ಮೇಲೆ ಬರೆದು ಕಲಿಯುವುದನ್ನು ಕಂಡು, ದೊಡ್ಡ ಹುಡುಗರು ಚಿಕ್ಕವರಿಗೆ ಕಲಿಸುವ ಕ್ರಮವನ್ನು ತನ್ನ ಶಾಲೆಯಲ್ಲಿ ತಂದ. 1797ರಲ್ಲಿ ಪುಸ್ತಕ ಬರೆದ. ಇಂಗ್ಲೆಂಡ್ ಅದನ್ನು ‘ಮದ್ರಾಸ್ ಪದ್ಧತಿ’ ಅಂತ ಕೊಂಡಾಡಿತು. ಸರಿ. ಅಂಥ ಊರಶಾಲೆಗಳ ಜಗುಲಿ ಹತ್ತಲು ಹೊಲಗೇರಿ ಮಾದಿಗೇರಿಯ ಮಕ್ಕಳಿಗೆ ಅಪ್ಪಣೆ ಇತ್ತೇನು? ಒಬ್ಬರಿಗೊಬ್ಬರು ಹೇಳಿಕೊಳ್ಳುವುದು ಅವರಿಗೆ ಹೊಸದಲ್ಲ. ಹೇಳಿಕೊಳ್ಳುವ ಗುಂಪಿನಿಂದ ನಮ್ಮನ್ನು ಹೊರಗಿಟ್ಟದ್ದೇ ಅವರ ಪದ್ಧತಿ. ಇವತ್ತಿಗೂ ಹಳೇ ಪ್ರಶ್ನೆಪತ್ರಿಕೆ, ಸೀನಿಯರ್ ನೋಟ್ಸು, ವೈವಾದಲ್ಲಿ ಯಾವ ಮೇಷ್ಟ್ರು ಏನು ಕೇಳುತ್ತಾರೆ ಅನ್ನೋ ಗುಟ್ಟು, ಇವೆಲ್ಲ ಅಗ್ರಹಾರದ ಬಾವಿ ನೀರಿನ ಹಾಗೆ ಅವರವರಲ್ಲೇ ಸೇದಿಕೊಳ್ಳುತ್ತಾರೆ. ನಮ್ಮ ಕೊಡಕ್ಕೆ ಬೀಳುವುದಿಲ್ಲ.

ವೈವಾ ಅಂದೆವಲ್ಲ. ಬ್ಯುರೆಟ್ಟು ಹಿಡಿದ ಕೈ ನಡುಗುವುದು ಆಮ್ಲಕ್ಕೆ ಹೆದರಿ ಅಲ್ಲ. “ಯಾವೂರು? ಅಪ್ಪ ಏನು ಮಾಡ್ತಾರೆ?” ಅನ್ನೋ ಪ್ರಶ್ನೆ ಟೈಟ್ರೇಷನ್ ಪ್ರಶ್ನೆಗಿಂತ ಮೊದಲು ಬರುತ್ತದಲ್ಲ, ಅದಕ್ಕೆ. ದೆಹಲಿಯ ಏಮ್ಸ್‌ನಲ್ಲಿ ಪರಿಶಿಷ್ಟ ವಿದ್ಯಾರ್ಥಿಗಳ ಪಾಡು ಏನು ಅಂತ ನೋಡಲು ನೇಮಿಸಿದ ಸುಖದೇವ್ ಥೋರಟ್ ಸಮಿತಿ 2007ರಲ್ಲೇ ವರದಿ ಕೊಟ್ಟಿತು. ಅಧ್ಯಾಪಕರಿಂದ ಸಾಕಷ್ಟು ನೆರವು ಸಿಗುತ್ತಿಲ್ಲ ಅಂದವರು ನೂರಕ್ಕೆ 69. ದೇಶದ ಅತ್ಯುತ್ತಮ ವೈದ್ಯಕೀಯ ಸಂಸ್ಥೆಯ ಕಥೆಯೇ ಇದಾದರೆ ತಾಲೂಕು ಕಾಲೇಜಿನ ಕಥೆ ಬೇರೆ ಕೇಳಬೇಕೆ? 2015ರಲ್ಲಿ ರೂರ್ಕಿ ಐಐಟಿ ಅಂಕ ಸಾಲದು ಅಂತ 70ಕ್ಕೂ ಹೆಚ್ಚು ಹುಡುಗರನ್ನು ಮೊದಲ ವರ್ಷಕ್ಕೇ ಹೊರಹಾಕಿತು. ಬಹುಪಾಲು ಮೀಸಲಾತಿಯಲ್ಲಿ ಬಂದವರು. ಗಲಾಟೆಯಾದ ಮೇಲೆ ವಾಪಸು ಕರೆಯಿತು. 2016ರ ಜನವರಿ 17ರಂದು ಹೈದರಾಬಾದಿನಲ್ಲಿ ರೋಹಿತ್ ವೇಮುಲ ಹೋದ. ಕಾರ್ಲ್ ಸೇಗನ್ ಥರ ವಿಜ್ಞಾನ ಬರೆಯಬೇಕು ಅಂತ ಕನಸು ಕಂಡವನು ಅವನು. ನಾವು ಅವನಿಗೆ ಮೇಣದಬತ್ತಿ ಹಚ್ಚಿದೆವು. ಅವನ ಕನಸಿಗೆ ಏನು ಮಾಡಿದೆವು?

ಇಲ್ಲಿಂದ ಮುಂದಿನ ಮಾತು ನಮಗೆ ನಾವೇ ಹೇಳಿಕೊಳ್ಳುವ ಮಾತು. ಗೆಳೆಯರು ಕೋಪಿಸಿಕೊಳ್ಳಬಾರದು.

ನಮ್ಮ ಚಳವಳಿ ಬೆಳೆದದ್ದೇ ಹಾಸ್ಟೆಲುಗಳಲ್ಲಿ. 1973ರಲ್ಲಿ ಬಸವಲಿಂಗಪ್ಪನವರು ಬೂಸಾ ಮಾತಾಡಿದಾಗ ಏಟು ತಿಂದದ್ದೂ ಎದ್ದು ನಿಂತದ್ದೂ ಹಾಸ್ಟೆಲಿನ ಹುಡುಗರು. ಬಾಬಾಸಾಹೇಬರು 1924ರಲ್ಲಿ ಬಹಿಷ್ಕೃತ ಹಿತಕಾರಿಣಿ ಸಭೆ ಕಟ್ಟಿದಾಗ ಮೊದಮೊದಲು ಮಾಡಿದ ಕೆಲಸಗಳಲ್ಲಿ ಒಂದು ಸೊಲ್ಲಾಪುರದ ವಿದ್ಯಾರ್ಥಿನಿಲಯ. ಶಿಕ್ಷಣ, ಸಂಘಟನೆ, ಹೋರಾಟ ಅಂತ ಗೋಡೆ ತುಂಬ ಬರೆದೆವು. ಬರೆದು, ಸಂಘಟನೆ ಹೋರಾಟ ನಮ್ಮದು, ಶಿಕ್ಷಣ ಮೇಷ್ಟ್ರ ಪಾಲು ಅಂತ ಬಿಟ್ಟೆವು. ಕವಿಗಳು ಬಂದರು, ಕನ್ನಡ ಎಂ.ಎ.ಗಳು ಬಂದರು, ವಕೀಲರು ಬಂದರು. ಲ್ಯಾಬಿನ ಬಾಗಿಲನ್ನು ಮಾತ್ರ ನಾವೇ ಎಳೆದುಕೊಂಡೆವು. “ಸೈನ್ಸ್ ಕಷ್ಟ ಕಣಯ್ಯಾ, ಆರ್ಟ್ಸ್ ತಗೊ” ಅಂತ ತಮ್ಮಂದಿರಿಗೆ ಹೇಳಿದವರು ನಾವೇ ಅಲ್ಲವೆ? ಆ ಮಾತಿಗೂ ನೋಟೀಸ್ ಬೋರ್ಡಿನ ಹಾಳೆಗೂ ಏನು ವ್ಯತ್ಯಾಸ?

ರಾಗಿ, ಅವರೆ ಅಂತ ತಕರಾರು ತೆಗೆದ ಆ ಹುಡುಗ ಈಗ ಕಾಲೇಜಿನಲ್ಲಿಲ್ಲ. ಸೀನಿಯರ್ ಹಾಸ್ಟೆಲ್ ಬಿಟ್ಟ ಮೇಲೆ ಜಗುಲಿಯ ಪಾಠ ನಿಂತಿತು. ನಡೆಸಬೇಕಾದವರು ನಾವು. ನಮಗೆ ಕವಿಗೋಷ್ಠಿ ಇತ್ತು, ಬೀದಿ ನಾಟಕ ಇತ್ತು. “ಇವತ್ತು ರಾತ್ರಿ ಥರ್ಮೋಡೈನಮಿಕ್ಸ್ ಹೇಳ್ಕೊಡಣ್ಣಾ” ಅಂತ ಅವನು ಬಂದ ದಿನ ನಾವು ತಮಟೆ ಕಾಯಿಸುತ್ತಿದ್ದೆವು. ನಾಳೆ ಅಂದೆವು. ಮೂರು ಪೇಪರು ಉಳಿದವು. ಅವನು ಬೆಂಗಳೂರಿಗೆ ಹೋಗಿ ಗೋದಾಮಿನಲ್ಲಿ ಡಬ್ಬ ಹೊರುವ ಕೆಲಸಕ್ಕೆ ಸೇರಿದ. ನಾವು ಅವನ ಮೇಲೆ ಒಂದು ಕವಿತೆ ಬರೆದೆವು. ಚಪ್ಪಾಳೆ ಬಿತ್ತು. ಅವನ ಕೆಮಿಸ್ಟ್ರಿ ಪೇಪರು ಹಾಗೇ ಉಳಿಯಿತು.

ತಮಟೆ ಬೇಡ, ಕವಿತೆ ಬೇಡ ಅನ್ನುತ್ತಿಲ್ಲ. ವಾರಕ್ಕೆ ಮೂರು ರಾತ್ರಿ ಜಗುಲಿ ಬೇಕು ಅನ್ನುತ್ತಿದ್ದೇವೆ.

ಕೆಲಸ ದೊಡ್ಡದಲ್ಲ. ಪ್ರತಿ ಹಾಸ್ಟೆಲಿನಲ್ಲೂ ಒಂದು ಕರಿಹಲಗೆ, ಹನ್ನೊಂದು ಗಂಟೆವರೆಗೆ ಉರಿಯುವ ಒಂದು ದೀಪ. ಹೋದ ವರ್ಷ ಪಾಸಾದವರು ಈ ವರ್ಷದವರಿಗೆ ಹೇಳಬೇಕು, ಅದರಲ್ಲೂ ಬಿದ್ದು ಎದ್ದವರು ಮೊದಲು. ಪಾಠ ನಮ್ಮ ಮಾತಲ್ಲಿರಲಿ, ಪದ ಎರಡೂ ಭಾಷೆಯಲ್ಲಿರಲಿ. ಕಷ್ಟದ ಲೆಕ್ಕವನ್ನೇ ಹಾಕಿ. ತಕರಾರು ತೆಗೆಯುವವನನ್ನು ಮುಂದೆ ಕೂರಿಸಿ. ಮೊಬೈಲಲ್ಲಿ ಪಾಠ ಸಿಗುತ್ತಲ್ಲ ಅನ್ನುವವರಿಗೆ ಒಂದು ಮಾತು: ಮೊಬೈಲು ಹೇಳುತ್ತದೆ, ನಿನಗೆ ಎಲ್ಲಿ ತಿಳಿಯಲಿಲ್ಲ ಅಂತ ಮುಖ ನೋಡಿ ಕೇಳುವುದಿಲ್ಲ.

ಮತ್ತೆ, ನಮ್ಮ ಹೆಣ್ಣುಮಕ್ಕಳು. ಅವರ ಹಾಸ್ಟೆಲಿಗೆ ಸಂಜೆಯೇ ಬೀಗ. ಗಂಡುಹುಡುಗರ ಜಗುಲಿಯಲ್ಲಿ ಕೂರಲು ಅವರಿಗೆ ಆಗುವುದಿಲ್ಲ. ಅವರದೇ ಜಗುಲಿ, ಅವರದೇ ಸೀನಿಯರ್ ಅಕ್ಕಂದಿರು, ಅವರ ಕೈಗೇ ಹಲಗೆ. ಇಲ್ಲದಿದ್ದರೆ ನಾವೂ ಒಂದು ಅಗ್ರಹಾರ ಕಟ್ಟಿದ ಹಾಗೆ.

ಸರ್ಕಾರ ಇದನ್ನು ಕೇಳಿ ಕೈ ತೊಳೆದುಕೊಳ್ಳುವುದು ಬೇಡ. ಸಾವಿರಾರು ಅತಿಥಿ ಉಪನ್ಯಾಸಕರನ್ನು ಅರ್ಧಹೊಟ್ಟೆಯಲ್ಲಿ ದುಡಿಸಿ ಪದವಿ ಕಾಲೇಜು ನಡೆಸುವುದು, ಹುಡುಗರೇ ಹೇಳಿಕೊಳ್ಳುತ್ತಾರೆ ಬಿಡಿ ಅನ್ನುವುದು, ಇದು ಬಿಟ್ಟಿ ಚಾಕರಿಯ ಹೊಸ ರೂಪ. ಖಾಯಂ ಮೇಷ್ಟ್ರು ಬೇಕು, ಲ್ಯಾಬಿಗೆ ರಾಸಾಯನಿಕ ಬೇಕು, ರಾತ್ರಿ ಕೂತು ಹೇಳಿಕೊಡುವ ಸೀನಿಯರಿಗೆ ಸಂಭಾವನೆ ಬೇಕು. ವೈವಾದಲ್ಲಿ ಅಪ್ಪನ ಕಸುಬು ಕೇಳುವ ಬಾಯಿಗೆ ಕಡಿವಾಣ ಬೇಕು. ಆ ಪಟ್ಟಿ ಹರಿಯಬೇಕು.

ಊರಿನ ಮೇಷ್ಟ್ರುಗಳೇ, ನಿಮ್ಮ ಶಾಲೆಯಿಂದ ಈ ವರ್ಷ ಸೈನ್ಸಿಗೆ ಹೋದ ನಮ್ಮ ಕೇರಿಯ ಮಕ್ಕಳು ಎಷ್ಟು ಜನ, ಯಾವ ಹಾಸ್ಟೆಲಿನಲ್ಲಿದ್ದಾರೆ, ಬರೆದಿಟ್ಟುಕೊಳ್ಳಿ. ಅವರಿಗೆ ಒಬ್ಬ ಅಣ್ಣನನ್ನೋ ಅಕ್ಕನನ್ನೋ ಹುಡುಕಿಕೊಡಿ.

ನಾವು ಆ ಹುಡುಗನಿಗೆ ಫೋನ್ ಮಾಡಿದೆವು. ಪರೀಕ್ಷೆ ಕಟ್ಟಲು ಇನ್ನೂ ಅವಕಾಶವಿದೆ ಅಂದೆವು. ಸ್ವಲ್ಪ ಹೊತ್ತು ಮಾತಿಲ್ಲ. ಹಿಂದೆ ಲಾರಿಯ ಸದ್ದು. ಆಮೇಲೆ ಅಂದ: “ಹೇಳ್ಕೊಡೋರು ಇದ್ದಾರಾ ಅಣ್ಣಾ? ಇದ್ರೆ ಬತ್ತೀನಿ.”

ಇದ್ದೇವೆ ಅಂತ ಹೇಳಿಬಿಟ್ಟಿದ್ದೇವೆ. ಈ ಸಲ ಮಾತು ತಪ್ಪುವ ಹಾಗಿಲ್ಲ.